ಟೆಕ್ಸಾಸ್‌ನ ಪಶು ಆಹಾರಕ್ಕೆ ತೆರಿಗೆ ವಿನಾಯಿತಿ: ಅಂಗಡಿಗೆ ಎಷ್ಟು, ದನ ಸಾಕುವವರಿಗೆ ಎಷ್ಟು?

2025ರ ನವೆಂಬರ್ 4ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಮತದಾರರ ಮುಂದೆ ಒಂದೇ ದಿನ 17 ಸಂವಿಧಾನ ತಿದ್ದುಪಡಿಗಳಿದ್ದವು. ಹದಿನೇಳೂ ಪಾಸಾದವು. ಮನೆಗಳ ತೆರಿಗೆ, ಜಾಮೀನು, ನೀರಿನ ಪೂರೈಕೆಗೆ ಹಣ ಎಂಬ ದೊಡ್ಡ ವಿಷಯಗಳ ನಡುವೆ ಐದನೇ ಪ್ರಸ್ತಾವ ಹೆಚ್ಚು ಸುದ್ದಿಯಾಗಲಿಲ್ಲ. ಅದು ಹೇಳಿದ್ದು ಇಷ್ಟೇ: ಚಿಲ್ಲರೆ ಮಾರಾಟಕ್ಕೆಂದು ಅಂಗಡಿಯಲ್ಲಿ ಇಟ್ಟ ಪಶು ಆಹಾರಕ್ಕೆ ಆಸ್ತಿ ತೆರಿಗೆ ಹಾಕದಂತೆ ಶಾಸನಸಭೆ ಕಾನೂನು ಮಾಡಬಹುದು. ಆ ಕಾನೂನನ್ನು ಶಾಸನಸಭೆ ಮೊದಲೇ ಸಿದ್ಧಮಾಡಿ ಇಟ್ಟಿತ್ತು. ಮತದಾರರು ಒಪ್ಪಿದ ಮೇಲೆ 2026ರ ಜನವರಿ 1ರಿಂದ ಅದು ಜಾರಿಗೆ ಬಂತು.

ಪ್ರಚಾರದಲ್ಲಿ ಇದನ್ನು ಬೆಂಬಲಿಸಿದವರು ಹೇಳಿದ್ದು, ಇದರಿಂದ ಪಶು ಆಹಾರ ಮಾರುವವರ ಖರ್ಚು ಇಳಿಯುತ್ತದೆ, ಅದು ಕೊಳ್ಳುವ ರೈತರಿಗೂ ತಲುಪುತ್ತದೆ ಅಂತ. ಮೊದಲ ಅರ್ಧ ನಿಜ. ಎರಡನೇ ಅರ್ಧವನ್ನು ಲೆಕ್ಕ ಹಾಕಿ ನೋಡಬೇಕು. ರೈತರ ಹೆಸರಿನಲ್ಲಿ ಕೊಡುವ ಎಷ್ಟೋ ತೆರಿಗೆ ವಿನಾಯಿತಿಗಳು ರೈತರ ಬಾಗಿಲಿಗೆ ಬರುವ ಮೊದಲೇ ಎಲ್ಲೋ ನಿಂತುಬಿಡುತ್ತವೆ. ಇದು ಟೆಕ್ಸಾಸ್‌ಗೆ ಎಷ್ಟು ನಿಜವೋ ನಮ್ಮ ಕರ್ನಾಟಕದ ಹಾಲು ಉತ್ಪಾದಕರಿಗೂ ಅಷ್ಟೇ ನಿಜ.

ಮೊದಲು, ಅಂಗಡಿಯಲ್ಲಿರುವ ಬೂಸಾ ಚೀಲಕ್ಕೆ ಆಸ್ತಿ ತೆರಿಗೆ ಯಾಕಿತ್ತು ಎಂಬ ಪ್ರಶ್ನೆ. ನಮಗೆ ಆಸ್ತಿ ತೆರಿಗೆ ಅಂದರೆ ಮನೆ, ಸೈಟು, ಕಟ್ಟಡ. ಟೆಕ್ಸಾಸ್‌ನಲ್ಲಿ ವ್ಯಾಪಾರದವರ ಕಪಾಟು, ಯಂತ್ರ, ಗೋದಾಮಿನಲ್ಲಿರುವ ಮಾಲು, ಎಲ್ಲವೂ ಆಸ್ತಿಯೇ. ಆ ರಾಜ್ಯದಲ್ಲಿ ಜನರ ಆದಾಯದ ಮೇಲೆ ರಾಜ್ಯ ತೆರಿಗೆ ಇಲ್ಲ. 2019ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಅದನ್ನು ನಿಷೇಧಿಸಿದರು. ರಾಜ್ಯ ಸರ್ಕಾರ ಆಸ್ತಿ ತೆರಿಗೆ ಹಾಕುವುದಕ್ಕೂ ಸಂವಿಧಾನ ಬಿಡುವುದಿಲ್ಲ. ಆಸ್ತಿ ತೆರಿಗೆ ಹಾಕುವವರು ಸ್ಥಳೀಯರು: ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ, ಶಾಲಾ ಜಿಲ್ಲೆ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ), ಕೆಲವು ಕಡೆ ಆಸ್ಪತ್ರೆಗೆಂದೇ ಇರುವ ಅಂಥದ್ದೇ ಸಂಸ್ಥೆಯಾದ ಆಸ್ಪತ್ರೆ ಜಿಲ್ಲೆ. ಒಟ್ಟು ವಸೂಲಾಗುವುದರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಶಾಲೆಗಳಿಗೆ ಹೋಗುತ್ತದೆ. ಆದರೆ ಯಾವುದಕ್ಕೆ ವಿನಾಯಿತಿ ಎಂಬುದನ್ನು ತೀರ್ಮಾನಿಸುವುದು ರಾಜ್ಯದ ಸಂವಿಧಾನ. ಸಂವಿಧಾನ ಬಿಟ್ಟುಕೊಡದ ಹೊರತು ಎಲ್ಲ ಆಸ್ತಿಗೂ ಅದರ ಬೆಲೆಗೆ ತಕ್ಕಂತೆ ತೆರಿಗೆ ಬೀಳಬೇಕು. ಅದಕ್ಕೇ ಇಂಥ ಸಣ್ಣ ವಿಷಯಕ್ಕೂ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಬೇಕು, ಆಮೇಲೆ ಜನರ ಮತ ಬೇಕು. 1876ರ ಆ ಸಂವಿಧಾನಕ್ಕೆ ಇಲ್ಲಿಯವರೆಗೆ 500ಕ್ಕೂ ಹೆಚ್ಚು ತಿದ್ದುಪಡಿಗಳಾಗಿರುವುದು ಸುಮ್ನೆ ಅಲ್ಲ.

ಈಗ ಒಂದು ಚೀಲ ಪಶು ಆಹಾರದ ಜೊತೆ ಹೋಗೋಣ. ತೆರಿಗೆಯ ಲೆಕ್ಕದ ದಿನವಾದ ಜನವರಿ 1ರಂದು ಕಾರ್ಖಾನೆಯಲ್ಲಿ ಇದ್ದರೆ ಅದು ಕಾರ್ಖಾನೆಯ ದಾಸ್ತಾನು, ತೆರಿಗೆ ಉಂಟು. ಅಂಗಡಿಯಲ್ಲಿದ್ದರೆ ಅಂಗಡಿಯವರ ದಾಸ್ತಾನು, 2025ರವರೆಗೆ ಅಲ್ಲೂ ತೆರಿಗೆ ಉಂಟು. ಅದೇ ಚೀಲ ರೈತನ ಕೊಟ್ಟಿಗೆ ಸೇರಿದ ಮೇಲೆ ತೆರಿಗೆ ಇಲ್ಲ. ಬೆಳೆದವರ ಕೈಯಲ್ಲಿರುವ ಬೆಳೆ, ದನ, ಕೋಳಿ, ಮನೆಗೂ ಹೊಲಕ್ಕೂ ಬೇಕಾದ ಸಾಮಾನು, ಇವಕ್ಕೆ ಹಳೆಯ ಕಾಲದಿಂದಲೇ ವಿನಾಯಿತಿ ಇದೆ. ಕೃಷಿ ಉಪಕರಣಗಳಿಗೂ ಇದೆ. ಕೊಳ್ಳುವಾಗ ಕಟ್ಟುವ ಮಾರಾಟ ತೆರಿಗೆ ಟೆಕ್ಸಾಸ್‌ನಲ್ಲಿ ರಾಜ್ಯದ್ದು ಶೇ. 6.25, ಸ್ಥಳೀಯರದ್ದೂ ಸೇರಿದರೆ ಶೇ. 8.25ರವರೆಗೆ ಹೋಗುತ್ತದೆ. ದನಕರುಗಳ ಆಹಾರಕ್ಕೆ ಅದೂ ಇಲ್ಲ. ಅಂದರೆ ರೈತನಿಗೆ ನೇರವಾಗಿ ಬೀಳುವ ತೆರಿಗೆಗಳು ಈ ಪ್ರಸ್ತಾವ ಹುಟ್ಟುವ ಎಷ್ಟೋ ವರ್ಷ ಮೊದಲೇ ಹೋಗಿದ್ದವು. ಉಳಿದಿದ್ದು ನಡುವಿನ ಕೊಂಡಿ, ಅಂಗಡಿ.

ಅಂಗಡಿಯವರ ದೂರಿನಲ್ಲಿ ನ್ಯಾಯ ಇದೆ. ತೆರಿಗೆಗೆ ಲೆಕ್ಕ ಹಾಕುವ ದಿನ ಜನವರಿ 1. ಅದು ಚಳಿಗಾಲ. ಹುಲ್ಲುಗಾವಲು ಒಣಗಿರುತ್ತದೆ, ದನ ಸಾಕುವವರು ಚೀಲದ ಆಹಾರವನ್ನೇ ನೆಚ್ಚಿಕೊಂಡಿರುತ್ತಾರೆ. ಗಿರಾಕಿಗಳಿಗೆ ಇಲ್ಲ ಅನ್ನಬಾರದು ಅಂತ ಅಂಗಡಿಯವರು ಗೋದಾಮು ತುಂಬಿಸಿಟ್ಟ ಹೊತ್ತಿಗೇ ಅದಕ್ಕೆ ಬೆಲೆ ಕಟ್ಟುತ್ತಾರೆ. ಬೇಕಿದ್ದರೆ ಸೆಪ್ಟೆಂಬರ್ 1ರ ದಾಸ್ತಾನನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿಕೊಳ್ಳುವ ಅವಕಾಶವೂ ಕಾನೂನಿನಲ್ಲಿದೆ. ಆದರೂ ಮಾರಿ ಲಾಭ ಬರುವ ಮೊದಲೇ ಮಾಲಿನ ಮೇಲೆ ತೆರಿಗೆ ಕಟ್ಟುವುದು ಎಂಥ ವ್ಯಾಪಾರಿಗೂ ಕಷ್ಟವೇ. ಅಮೆರಿಕದ ಹೆಚ್ಚಿನ ರಾಜ್ಯಗಳು ಅಂಗಡಿಯ ದಾಸ್ತಾನಿನ ಮೇಲೆ ಆಸ್ತಿ ತೆರಿಗೆ ಹಾಕುವುದೇ ಇಲ್ಲ. ಟೆಕ್ಸಾಸ್ ಹಾಕುವ ಕೆಲವೇ ರಾಜ್ಯಗಳಲ್ಲೊಂದು.

ಮೊತ್ತ ಎಷ್ಟಾಗುತ್ತದೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಅಂಗಡಿಯವನ ಹತ್ತಿರ ಲೆಕ್ಕದ ದಿನ 2 ಲಕ್ಷ ಡಾಲರ್ ಬೆಲೆಯ ಪಶು ಆಹಾರ ಇದೆ. ಆ ಊರಿನ ಎಲ್ಲ ಸ್ಥಳೀಯ ತೆರಿಗೆ ಸೇರಿ ಶೇ. 2 ಅಂದುಕೊಳ್ಳಿ. ತೆರಿಗೆ 4,000 ಡಾಲರ್. ಗಂಟೆಗೆ 15 ಡಾಲರ್ ಪಡೆಯುವ ಕೆಲಸಗಾರನ ಸುಮಾರು ಒಂದೂವರೆ ತಿಂಗಳ ಸಂಬಳ ಅದು. ಹಳ್ಳಿ ಕಡೆಯ ಅಂಗಡಿಗೆ ಇದು ದೊಡ್ಡ ಮೊತ್ತವೇ. ಇಂಥ ಅಂಗಡಿಗಳು ಉಳಿಯಬೇಕು ಅಂತ ನನಗೂ ಅನಿಸುತ್ತದೆ. ಹಳ್ಳಿಯ ಅಂಗಡಿ ಮುಚ್ಚಿದರೆ ದನ ಸಾಕುವವರು ಪ್ರತಿ ಲೋಡಿಗೂ ದೂರದ ಪಟ್ಟಣಕ್ಕೆ ಗಾಡಿ ಓಡಿಸಬೇಕು. ಆ ಡೀಸೆಲ್ ಖರ್ಚಿನ ಮುಂದೆ ಈ ತೆರಿಗೆ ಏನೂ ಅಲ್ಲ.

ಆದರೆ ಅದೇ ದಿನ ಅದೇ ಮತಪತ್ರದಲ್ಲಿ ಒಂಬತ್ತನೇ ಪ್ರಸ್ತಾವವೂ ಇತ್ತು. ಹೆಚ್ಚಿನವರು ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಯಾವ ವ್ಯಾಪಾರವೇ ಆಗಲಿ, ಅದರ ದಾಸ್ತಾನು, ಯಂತ್ರ, ಪೀಠೋಪಕರಣದಂಥ ಆಸ್ತಿಯ ಮೊದಲ 1,25,000 ಡಾಲರ್‌ಗೆ ತೆರಿಗೆ ಇಲ್ಲ ಎಂಬುದೇ ಆ ಪ್ರಸ್ತಾವ. ಅದಕ್ಕೂ ಮೊದಲು ಈ ಮಿತಿ ಬರೀ 2,500 ಡಾಲರ್ ಇತ್ತು. ಇದೂ ಪಾಸಾಯಿತು. ಹಾಗಾದರೆ ಒಟ್ಟು ಮಾಲು 80,000 ಡಾಲರ್ ಇರುವ ಸಣ್ಣ ಅಂಗಡಿಗೆ ಐದನೇ ಪ್ರಸ್ತಾವದಿಂದ ಏನು ಸಿಕ್ಕಿತು? ಏನೂ ಇಲ್ಲ. ಒಂಬತ್ತನೆಯದರಿಂದಲೇ ಅದರ ತೆರಿಗೆ ಸೊನ್ನೆಯಾಯಿತು. ನಮ್ಮ ಉದಾಹರಣೆಯ 2 ಲಕ್ಷದ ಅಂಗಡಿಯಲ್ಲಿ ಬೇರೆ ಮಾಲು ಇಲ್ಲದಿದ್ದರೆ, ಉಳಿದ 75,000ಕ್ಕೆ ಮಾತ್ರ ತೆರಿಗೆ, 1,500 ಡಾಲರ್. ಐದನೇ ಪ್ರಸ್ತಾವ ಉಳಿಸುವುದು ಅಷ್ಟನ್ನೇ. ಅದೇ ಅಂಗಡಿಯಲ್ಲಿ ಜೀನು, ಬೇಲಿ ತಂತಿ, ಬೂಟು ಅಂತ ಇನ್ನೂ 1,25,000 ಡಾಲರ್ ಮಾಲು ಇದ್ದರೆ ಆಗ ಪೂರ್ತಿ 4,000 ಡಾಲರ್ ಉಳಿಯುತ್ತದೆ. ಅಂಗಡಿ ದೊಡ್ಡದಾದಷ್ಟೂ ಲಾಭ ಜಾಸ್ತಿ. ರಾಜ್ಯದ ತುಂಬ ಶಾಖೆಗಳಿರುವ ಸರಣಿ ಅಂಗಡಿಗಳಿಗೂ ಇದೇ ವಿನಾಯಿತಿ ಸಿಗುತ್ತದೆ. ಪ್ರಚಾರ ನಡೆದಿದ್ದು ಊರಿನ ಸಣ್ಣ ಅಂಗಡಿಯ ಹೆಸರಿನಲ್ಲಿ. ಆ ಸಣ್ಣ ಅಂಗಡಿಗೆ ನಿಜವಾಗಿ ನೆರವಾದದ್ದು ಪಶು ಆಹಾರದ ಹೆಸರೇ ಇಲ್ಲದ ಇನ್ನೊಂದು ಪ್ರಸ್ತಾವ.

ಇನ್ನು ದನ ಸಾಕುವವರ ಕಡೆಗೆ ಬರೋಣ. ಪಶು ಆಹಾರ ತುಂಬ ದಿನ ಇಟ್ಟು ಮಾರುವ ಮಾಲಲ್ಲ. ಬೂಷ್ಟು ಹಿಡಿಯುತ್ತದೆ, ಸೇರಿಸಿದ ವಿಟಮಿನ್‌ಗಳ ಶಕ್ತಿ ಕುಂದುತ್ತದೆ. ಹಾಗಾಗಿ ದಾಸ್ತಾನು ಬೇಗ ಬೇಗ ಖಾಲಿಯಾಗಿ ಮತ್ತೆ ತುಂಬುತ್ತದೆ. ವರ್ಷಕ್ಕೆ ಹತ್ತು ಸಲ ಹೀಗಾಗುತ್ತದೆ ಅಂತ ಇಟ್ಟುಕೊಳ್ಳಿ. 2 ಲಕ್ಷದ ದಾಸ್ತಾನಿನಿಂದ ವರ್ಷಕ್ಕೆ 20 ಲಕ್ಷ ಡಾಲರ್ ವ್ಯಾಪಾರ. ಅದರ ಮೇಲೆ 4,000 ಡಾಲರ್ ತೆರಿಗೆ ಅಂದರೆ ಶೇ. 0.2. ಸುಮಾರು 23 ಕೆ.ಜಿ.ಯ ಒಂದು ಚೀಲಕ್ಕೆ 15 ಡಾಲರ್ ಬೆಲೆ ಇದ್ದರೆ ಅದರೊಳಗಿದ್ದ ತೆರಿಗೆ 3 ಸೆಂಟ್. ಒಂಬತ್ತನೇ ಪ್ರಸ್ತಾವದ ವಿನಾಯಿತಿಯನ್ನು ಮೊದಲೇ ಕಳೆದರೆ ಸುಮಾರು 1 ಸೆಂಟ್.

ಮೂವತ್ತು ಹಸು ಇರುವ ಒಬ್ಬ ರೈತ ಚಳಿಗಾಲದ ನಾಲ್ಕು ತಿಂಗಳು ದಿನಕ್ಕೆ ಹಸುವಿಗೆ 3 ಕೆ.ಜಿ. ಹಾಕಿದರೆ ಅವನಿಗೆ 500 ಚೀಲದಷ್ಟು ಬೇಕು. ಖರ್ಚು ಸುಮಾರು 7,500 ಡಾಲರ್. ಅಂಗಡಿಯವನು ತನಗೆ ಉಳಿದ ತೆರಿಗೆಯನ್ನು ಒಂದು ಸೆಂಟ್ ಕೂಡ ಇಟ್ಟುಕೊಳ್ಳದೆ ಗಿರಾಕಿಗೆ ಬಿಟ್ಟರೂ ಆ ರೈತನಿಗೆ ಉಳಿಯುವುದು ವರ್ಷಕ್ಕೆ 15 ಡಾಲರ್. ಒಂದು ಚೀಲದ ಬೆಲೆ. ಅಂಗಡಿಯವನು ಬಿಡಲೇಬೇಕು ಎಂಬ ಷರತ್ತು ಕಾನೂನಿನಲ್ಲಿಲ್ಲ. ಪೈಪೋಟಿ ಇರುವ ಊರಿನಲ್ಲಿ ಸ್ವಲ್ಪ ಬಿಡಬಹುದು. ಐವತ್ತು ಮೈಲಿಗೆ ಒಂದೇ ಅಂಗಡಿ ಇರುವ ಕಡೆ ಬಿಡುವ ಕಾರಣವೇ ಇಲ್ಲ.

ಹಾಗಾದರೆ ಚೀಲದ ಬೆಲೆ ಏರಿಳಿಯುವುದು ಯಾತರಿಂದ? ಮೆಕ್ಕೆಜೋಳ, ಸೋಯಾ ಹಿಂಡಿ, ಹತ್ತಿಕಾಳು, ಸಾಗಣೆ. ಎಲ್ಲಕ್ಕಿಂತ ಮುಖ್ಯವಾಗಿ ಮಳೆ. ಟೆಕ್ಸಾಸ್ 2011ರಲ್ಲಿ ಭೀಕರ ಬರ ಕಂಡಿತು, 2022ರಲ್ಲಿ ಮತ್ತೆ ಕಂಡಿತು. ಹುಲ್ಲು ಇಲ್ಲದೆ, ಮೇವು ಕೊಳ್ಳಲು ಆಗದೆ ಜನ ಹೆರುವ ಹಸುಗಳನ್ನೇ ಮಾರಿದರು. 2024ರ ಫೆಬ್ರವರಿಯಲ್ಲಿ ರಾಜ್ಯದ ಉತ್ತರದ ಮೂಲೆಯಲ್ಲಿ ಎದ್ದ ಕಾಡ್ಗಿಚ್ಚು 10 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಸಾವಿರಾರು ದನ ಸತ್ತವು. ಉಳಿದವಕ್ಕೆ ಬೇರೆ ರಾಜ್ಯಗಳಿಂದ ಲಾರಿಗಟ್ಟಲೆ ಒಣಹುಲ್ಲು ಬಂತು. 2025ರ ಜನವರಿಯ ಎಣಿಕೆಯಲ್ಲಿ ಇಡೀ ಅಮೆರಿಕದ ದನಗಳ ಸಂಖ್ಯೆ 8.67 ಕೋಟಿಗೆ ಇಳಿದಿತ್ತು. 1951ರ ನಂತರ ಅಲ್ಲಿಯವರೆಗೆ ಅಷ್ಟು ಕಡಿಮೆ ಆಗಿದ್ದೇ ಇರಲಿಲ್ಲ. ಅದರಲ್ಲಿ ಸುಮಾರು 1.2 ಕೋಟಿ ದನಗಳಿರುವ ಟೆಕ್ಸಾಸ್ ಉಳಿದೆಲ್ಲ ರಾಜ್ಯಗಳಿಗಿಂತ ಮುಂದೆ. ಮಂದೆ ಮತ್ತೆ ಬೆಳೆಸಲು ಕರುವನ್ನು ಮಾರದೆ ಉಳಿಸಿಕೊಳ್ಳಬೇಕು, ಎರಡು ವರ್ಷ ಮೇಯಿಸಬೇಕು, ಅಷ್ಟು ದಿನ ಅದರಿಂದ ಕಾಸಿಲ್ಲ. ಅಂಥವನ ಕಷ್ಟಕ್ಕೆ ಚೀಲಕ್ಕೆ 3 ಸೆಂಟ್ ಯಾವ ಮೂಲೆಗೆ?

ಇನ್ನೊಂದು ಮಾತು. ಟೆಕ್ಸಾಸ್‌ನಲ್ಲಿ ಅತಿ ಹೆಚ್ಚು ಪಶು ಆಹಾರ ತಿನ್ನುವ ದನಗಳು ಇರುವುದು ಅಮರಿಲ್ಲೊ ಸುತ್ತಲಿನ ದೊಡ್ಡ ಕೊಬ್ಬಿಸುವ ಕೇಂದ್ರಗಳಲ್ಲಿ. ಅಲ್ಲಿಗೆ ಧಾನ್ಯ ಸಗಟಾಗಿ ಬರುತ್ತದೆ. ಹೆಚ್ಚಿನ ಕಡೆ ಅಲ್ಲೇ ಬೀಸಿ, ಬೆರೆಸಿ ಹಾಕುತ್ತಾರೆ. ಅವರು ಚಿಲ್ಲರೆ ಅಂಗಡಿಯ ಗಿರಾಕಿಗಳಲ್ಲ. ಚಿಲ್ಲರೆ ಅಂಗಡಿಗೆ ಬರುವವರು ಸಣ್ಣ ಮಂದೆಯವರು, ಕುದುರೆ ಇಟ್ಟುಕೊಂಡವರು, ಹಿತ್ತಲಲ್ಲಿ ಕೋಳಿ ಸಾಕುವವರು, ಪ್ರದರ್ಶನಕ್ಕೆಂದು ಕರು ಅಥವಾ ಮೇಕೆ ಬೆಳೆಸುವ ಶಾಲಾ ಮಕ್ಕಳು. ದೊಡ್ಡವರನ್ನು ಬಿಟ್ಟು ಸಣ್ಣವರ ಅಂಗಡಿಯನ್ನು ಆರಿಸಿಕೊಂಡಿದ್ದು ಒಳ್ಳೆಯದೇ. ಆದರೆ ಸಣ್ಣವರನ್ನು ತಲುಪಲು ಆರಿಸಿಕೊಂಡ ದಾರಿ ತೀರಾ ಕಿರಿದು.

ಈ ಹಣ ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಶಾಲಾ ಜಿಲ್ಲೆಯ ತೆರಿಗೆ ಕಡಿಮೆಯಾದರೆ ರಾಜ್ಯದ ಅನುದಾನದ ಸೂತ್ರ ಆ ಕೊರತೆಯ ಬಹುಪಾಲನ್ನು ತುಂಬಿಕೊಡುತ್ತದೆ, ತಡವಾಗಿ. ಕೌಂಟಿಗೆ, ನಗರಕ್ಕೆ, ಆಸ್ಪತ್ರೆ ಜಿಲ್ಲೆಗೆ ಹಾಗೆ ತುಂಬಿಕೊಡುವವರಿಲ್ಲ. ಅವು ಒಂದೋ ಖರ್ಚು ಇಳಿಸಬೇಕು, ಇಲ್ಲವೇ ಉಳಿದ ಆಸ್ತಿಗಳ ಮೇಲಿನ ದರ ಸ್ವಲ್ಪ ಏರಿಸಬೇಕು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳಿಗೆ ಆಸ್ತಿ ತೆರಿಗೆಯ ಬಿಸಿ ಚೆನ್ನಾಗಿ ಗೊತ್ತು. ಅದೇ ದಿನ ಪಾಸಾದ ಹದಿಮೂರನೇ ಪ್ರಸ್ತಾವದಿಂದ, ವಾಸದ ಮನೆಯ ಮೇಲಿನ ಶಾಲಾ ತೆರಿಗೆಯ ವಿನಾಯಿತಿ 1 ಲಕ್ಷದಿಂದ 1.4 ಲಕ್ಷ ಡಾಲರ್‌ಗೆ ಏರಿತು. ಒಂದು ಕಡೆ ಅವರಿಗೆ ಇಳಿಯಿತು. ಇನ್ನೊಂದು ಕಡೆ ಬೇರೆಯವರಿಗೆ ಕೊಟ್ಟ ವಿನಾಯಿತಿಯ ಭಾರದಲ್ಲಿ ಒಂದು ಚೂರು ಅವರ ಪಾಲಿಗೂ ಬರಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಮನೆಯ ವಿನಾಯಿತಿಯೂ ಇಲ್ಲ, ಅಂಗಡಿಯ ವಿನಾಯಿತಿಯೂ ಇಲ್ಲ.

ಪಶು ಆಹಾರದ ಒಂದು ವಿನಾಯಿತಿಯಿಂದ ಶಾಲೆಗಳು ಮುಳುಗುವುದಿಲ್ಲ, ನಿಜ. ನನಗೆ ಚಿಂತೆ ಇರುವುದು ಒಂದರ ಹಿಂದೆ ಒಂದು ಬರುವ ವಿನಾಯಿತಿಗಳ ಸಾಲಿನ ಬಗ್ಗೆ. ರಾಜ್ಯದಿಂದ ಬೇಗ ಹೊರಗೆ ಹೋಗುವ ಸರಕಿಗೆ 1989ರಲ್ಲಿ ವಿನಾಯಿತಿ ಬಂತು. 2023ರಲ್ಲಿ ವೈದ್ಯಕೀಯ ಸಾಮಗ್ರಿ ತಯಾರಿಸುವವರ ದಾಸ್ತಾನಿಗೆ ಬಂತು. 2025ರಲ್ಲಿ ಪಶು ಆಹಾರಕ್ಕೆ. ಇನ್ನು ಗೊಬ್ಬರದ ಅಂಗಡಿಯವರು, ಬೀಜದ ಅಂಗಡಿಯವರು ಕೇಳಿದರೆ ಬೇಡ ಅನ್ನಲು ಯಾವ ಕಾರಣ ಕೊಡುತ್ತಾರೆ? ಅವಕ್ಕೂ ರೈತರಿಗೆ ಮಾರಾಟ ತೆರಿಗೆ ಇಲ್ಲ, ಅವೂ ಹೊಲಕ್ಕೇ ಹೋಗುತ್ತವೆ. ದಾಸ್ತಾನಿನ ತೆರಿಗೆಯೇ ಸರಿಯಿಲ್ಲ ಅನ್ನುವುದಾದರೆ ಒಂಬತ್ತನೇ ಪ್ರಸ್ತಾವದಂತೆ ಎಲ್ಲರಿಗೂ ಒಂದೇ ಮಿತಿ ಇಟ್ಟು ಅದನ್ನು ಏರಿಸುತ್ತ ಹೋಗುವುದು ನ್ಯಾಯ. ಸರಕಿನಿಂದ ಸರಕಿಗೆ ವಿನಾಯಿತಿ ಕೊಟ್ಟರೆ, ಶಾಸಕರ ಹತ್ತಿರ ಹೋಗಿ ಕೇಳಲು ಯಾರಿಗೆ ಬಲ ಇದೆಯೋ ಅವರ ಸರಕು ಮೊದಲು ಬರುತ್ತದೆ. ಅದನ್ನು ಸಂವಿಧಾನಕ್ಕೇ ಬರೆದ ಮೇಲೆ ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ಈ ಹದಿನೇಳು ತಿದ್ದುಪಡಿಗಳಿಗೆ ಮತ ಹಾಕಲು ಬಂದವರು ಸುಮಾರು 30 ಲಕ್ಷ ಜನ. ರಾಜ್ಯದ ಜನಸಂಖ್ಯೆ 3 ಕೋಟಿಗೂ ಜಾಸ್ತಿ.

ರೈತನಿಗೇ ಕೊಡಬೇಕು ಅಂದರೆ ದಾರಿ ಇಲ್ಲವೇ? ಇದೆ, ಅಮೆರಿಕದಲ್ಲೇ ಇದೆ. ಬರ ಬಿದ್ದಾಗ ಹುಲ್ಲುಗಾವಲು ಕಳೆದುಕೊಂಡವರಿಗೆ ಕೇಂದ್ರದ ಕೃಷಿ ಇಲಾಖೆ ಒಂದು ಯೋಜನೆಯಡಿ ನೇರವಾಗಿ ಹಣ ಕೊಡುತ್ತದೆ. ಪ್ರತಿ ವಾರ ಪ್ರಕಟವಾಗುವ ಬರದ ನಕ್ಷೆಯಲ್ಲಿ ಆ ಕೌಂಟಿಯ ಬರ ಎಷ್ಟು ತೀವ್ರ, ರೈತನ ಹತ್ತಿರ ಎಷ್ಟು ದನ, ಇದರ ಮೇಲೆ ಲೆಕ್ಕ. ಮೇವು ಕೊಳ್ಳುವ ಕಷ್ಟ ಯಾವ ವರ್ಷ ಜಾಸ್ತಿಯೋ ಆ ವರ್ಷ ಹಣ ಜಾಸ್ತಿ. ಅಂಗಡಿಯ ವಿನಾಯಿತಿ ಹಾಗಲ್ಲ. ಅದಕ್ಕೆ ಬರದ ವರ್ಷವೂ ಒಂದೇ, ಮಳೆಯ ವರ್ಷವೂ ಒಂದೇ.

ಈಗ ನಮ್ಮ ಕಡೆ. ಭಾರತದಲ್ಲಿ ಅಂಗಡಿಯ ದಾಸ್ತಾನಿಗೆ ಆಸ್ತಿ ತೆರಿಗೆ ಇಲ್ಲ, ಪಶು ಆಹಾರಕ್ಕೆ ಜಿಎಸ್‌ಟಿ ಕೂಡ ಇಲ್ಲ. ಮೇಲ್ನೋಟಕ್ಕೆ ನಮ್ಮ ರೈತರು ಟೆಕ್ಸಾಸ್‌ನವರಿಗಿಂತ ಮುಂದೆ ಅನಿಸುತ್ತದೆ, ಅಲ್ವಾ? ಆದರೆ ಇಲ್ಲೂ ನಡುವೆ ಒಂದು ಕೊಂಡಿ ಇದೆ. ಮಾರುವ ಸರಕಿಗೆ ಜಿಎಸ್‌ಟಿ ಇಲ್ಲ ಅಂದರೆ, ಅದನ್ನು ತಯಾರಿಸಲು ಕೊಂಡ ವಸ್ತುಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ತಯಾರಕರು ವಾಪಸ್ ಪಡೆಯುವಂತಿಲ್ಲ. ತುಂಬುವ ಪ್ಲಾಸ್ಟಿಕ್ ಚೀಲಕ್ಕೆ ಶೇ. 18, ಯಂತ್ರಕ್ಕೆ, ಅದರ ಬಿಡಿಭಾಗಕ್ಕೆ ಬೇರೆ. ಅದೆಲ್ಲ ಖರ್ಚಿಗೆ ಸೇರಿ ಹಿಂಡಿ ಚೀಲದ ಬೆಲೆಯೊಳಗೆ ಕೂರುತ್ತದೆ. ಬಿಲ್ಲಿನಲ್ಲಿ ತೆರಿಗೆ ಸೊನ್ನೆ ಅಂತ ಕಾಣುತ್ತದೆ, ಬೆಲೆಯಲ್ಲಿ ಇರುತ್ತದೆ. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರದಲ್ಲಿ ಪಶು ಆಹಾರ ತಯಾರಿಸುವ ಕೆಎಂಎಫ್‌ನಂಥ ಸಹಕಾರಿ ಸಂಸ್ಥೆಗೂ ಇದೇ ನಿಯಮ.

ಬೇಳೆ ಮಿಲ್ಲುಗಳಿಂದ ಬರುವ ಹೊಟ್ಟು, ಚುನ್ನಿಯ ಕತೆ ಇನ್ನೂ ಸ್ಪಷ್ಟ. ತಯಾರಾದ ಪಶು ಆಹಾರಕ್ಕೆ ತೆರಿಗೆ ಇಲ್ಲದಿದ್ದರೂ, ಅದರೊಳಗೆ ಹೋಗುವ ತೊಗರಿ ಹೊಟ್ಟಿಗೆ, ಚುನ್ನಿಗೆ ಶೇ. 5 ಇತ್ತು. 2022ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಅದನ್ನು ಸೊನ್ನೆ ಮಾಡಿತು. ನನ್ನ ಪ್ರಕಾರ ಅದು ಸರಿಯಾದ ಹೆಜ್ಜೆ. ಪಶು ಆಹಾರದ ಖರ್ಚಿನ ಬಹುಪಾಲು ಕಚ್ಚಾ ವಸ್ತುವೇ, ಅಲ್ಲಿ ಇಳಿದ ತೆರಿಗೆಗೆ ತೂಕ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರಿನದು 18ರಿಂದ 5ಕ್ಕೆ ಇಳಿಯಿತು. ಅಲ್ಲಿ ಬೆಲೆ ಎಷ್ಟು ಇಳಿಯಿತು ಅಂತ ರೈತರಿಗೆ ಕಂಡಿತು. ಕೊಳ್ಳುವಾಗ ಕಟ್ಟುವ ತೆರಿಗೆ ಬಿಲ್ಲಿನಲ್ಲೇ ಕಾಣುತ್ತದೆ. ಅಂಗಡಿಯ ಒಳಖರ್ಚಿನ ತೆರಿಗೆ ಇಳಿದರೆ ಗಿರಾಕಿಗೆ ಗೊತ್ತಾಗುವ ದಾರಿಯೇ ಇಲ್ಲ.

ಕರ್ನಾಟಕ ಇನ್ನೊಂದು ದಾರಿಯನ್ನೂ ಹಿಡಿದಿದೆ. ಸಹಕಾರ ಸಂಘಗಳಿಗೆ ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ನೇರ ಖಾತೆಗೆ. ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಎಂಬ ದೂರು ಪದೇ ಪದೇ ಬಂದಿದೆ, ಆ ದೂರಿನಲ್ಲಿ ಹುರುಳಿದೆ. ಆದರೂ ದಿನಕ್ಕೆ 10 ಲೀಟರ್ ಹಾಕುವ ಹೆಣ್ಣುಮಗಳಿಗೆ ಅದು ದಿನಕ್ಕೆ 50 ರೂಪಾಯಿ, ತಿಂಗಳಿಗೆ 1,500. ಅವಳ ಹಿಂಡಿ ಬೂಸಾದ ಖರ್ಚಿಗೆ ಅದು ನೇರವಾಗಿ ತಾಗುತ್ತದೆ, ಮತ್ತು ಬರದಿದ್ದರೆ ಬಂದಿಲ್ಲ ಅಂತ ಕೇಳಬಹುದು. ಟೆಕ್ಸಾಸ್‌ನ ಮೂವತ್ತು ಹಸುವಿನ ರೈತನಿಗೆ ಕೇಳಲು ಏನೂ ಇಲ್ಲ. ಅವನಿಗೆ ಬರಬೇಕಾದ 15 ಡಾಲರ್ ಬಂತೋ ಇಲ್ಲವೋ ಅನ್ನುವುದನ್ನು ಯಾವ ರಸೀದಿಯೂ ಹೇಳುವುದಿಲ್ಲ.

ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಮುಂದಿನ ಅಧಿವೇಶನ 2027ರ ಜನವರಿಯಲ್ಲಿ. ಅಷ್ಟರಲ್ಲಿ ಹೊಸ ನಿಯಮದ ಮೊದಲ ವರ್ಷದ ಲೆಕ್ಕ ಮುಗಿದಿರುತ್ತದೆ. ಪ್ರತಿ ಕೌಂಟಿಯಲ್ಲಿ ಐದನೇ ಪ್ರಸ್ತಾವದಿಂದ ಎಷ್ಟು ತೆರಿಗೆ ಹೋಯಿತು, ಅದರಲ್ಲಿ ಒಂದೇ ಅಂಗಡಿಯವರಿಗೆ ಎಷ್ಟು, ಸರಣಿ ಅಂಗಡಿಗಳಿಗೆ ಎಷ್ಟು ಎಂಬ ಲೆಕ್ಕವನ್ನು ಶಾಸಕರು ಕೇಳಿ ಪಡೆಯಬೇಕು. ನಮ್ಮಲ್ಲಿ ಹಾಲು ಒಕ್ಕೂಟಗಳೂ ರಾಜ್ಯ ಸರ್ಕಾರವೂ ಜಿಎಸ್‌ಟಿ ಮಂಡಳಿಯ ಮುಂದೆ ಇಡಬೇಕಾದ ಬೇಡಿಕೆ ಬೇರೆ: ರಫ್ತು ಮಾಡುವವರಿಗೆ ಕೊಂಡ ವಸ್ತುಗಳ ಮೇಲಿನ ತೆರಿಗೆಯನ್ನು ವಾಪಸ್ ಕೊಡುವಂತೆ ಪಶು ಆಹಾರ ತಯಾರಕರಿಗೂ ಕೊಡಿ, ಆ ಇಳಿಕೆಯನ್ನು ಚೀಲದ ಮೇಲಿನ ಬೆಲೆಯಲ್ಲಿ ತೋರಿಸಬೇಕು ಎಂಬ ಷರತ್ತನ್ನೂ ಹಾಕಿ.